ಮಾಸಿದ್ದೆಲ್ಲ ಹಳೆಯದಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆಲ್ಲ ಗೊತ್ತಿದೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ಮಾತನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಮಾಸಿದ್ದೆಲ್ಲ ಹಳೆಯದಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಹೋಂಸ್ಟೇಗಳು ಹೆಚ್ಚಿದಂತೆಲ್ಲ ಹಳೆಯ ಸಾಮಾನುಗಳಿಗೆ ಹೊಸ ಗಿರಾಕಿಗಳು ಹುಟ್ಟಿದ್ದಾರೆ. ಅಟ್ಟದ ಮೇಲೆ ದೂಳು ಹಿಡಿದು ಕೂತಿದ್ದ ಉಪ್ಪಿನಕಾಯಿ ಭರಣಿ ಈಗ ಜಗುಲಿಗೆ ಇಳಿದಿದೆ. ನೀಲಿ ಚಿತ್ರದ ತಟ್ಟೆ ಗೋಡೆ ಏರಿದೆ. ಗಿರಾಕಿಗಳಿದ್ದಲ್ಲಿ ಮಾರುವವರೂ ಬರುತ್ತಾರೆ. ಅವರು ತರುವ ಹೂದಾನಿ, ಜಾಡಿ, ತಟ್ಟೆಗಳೆಲ್ಲ ಬಿರುಕುಬಿಟ್ಟು, ಕಂದು ಕಲೆ ಹಿಡಿದು ಬಹಳ ಹಳೆಯವರಂತೆ ಕಾಣುತ್ತವೆ. "ದೊರೆಗಳ ಬಂಗಲೆಯದು ಸಾರ್, ನೂರು ವರ್ಷ ಆಗಿದೆ" ಎಂಬ ಮಾತೂ ಜತೆಗೆ ಬರುತ್ತದೆ.

ಆ ಮಾತು ನಿಜವಿರಬಹುದು. ಮೊನ್ನೆ ಮೊನ್ನೆ ಗೂಡಿನಿಂದ ಇಳಿದ ತಟ್ಟೆಯನ್ನು ಡಿಕಾಕ್ಷನ್‌ನಲ್ಲಿ ಮುಳುಗಿಸಿ ತೆಗೆದಿರಲೂಬಹುದು. ಇದು ಹಣವಂತರ ಹವ್ಯಾಸ, ನಮಗೇಕೆ ಎಂದು ಓದುಗರು ಕೇಳಬಹುದು. ಆದರೆ ಈ ವಿಷಯ ತಿಳಿಯದಿದ್ದರೆ ನಷ್ಟ ಎರಡು ಕಡೆಯಿಂದಲೂ ಇದೆ. ಕೊಳ್ಳುವವನು ಹೊಸದನ್ನು ಹಳೆಯದೆಂದು ನಂಬಿ ಹಣ ಕಳೆದುಕೊಳ್ಳುತ್ತಾನೆ. ಮನೆಯಲ್ಲಿ ನಿಜವಾಗಿ ಹಳೆಯದಿರುವವರು "ಇದೇನು ಮಹಾ, ಬಿರುಕು ಬಿಟ್ಟಿದೆ" ಎಂಬ ವ್ಯಾಪಾರಿಯ ಮಾತು ಕೇಳಿ ಅಜ್ಜಿಯ ಕಾಲದ ವಸ್ತುವನ್ನು ಗುಜರಿಯ ಬೆಲೆಗೆ ಕೊಟ್ಟುಬಿಡುತ್ತಾರೆ. ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಒಂದು ಸೇರಿಕೊಂಡಿದೆ. ಅದಕ್ಕೆ ಮುಂದೆ ಬರೋಣ. ವಿದ್ಯಾರ್ಥಿಗಳಿಗಂತೂ ಇದೊಂದು ಒಳ್ಳೆಯ ಪಾಠ. ರಸಾಯನಶಾಸ್ತ್ರ, ಭೌತಶಾಸ್ತ್ರ, ಇತಿಹಾಸ ಮೂರೂ ಒಂದೇ ಭರಣಿಯೊಳಗೆ ಕೂತಿರುವುದು ಅಪರೂಪ.

ಗುಡ್ಡ ಹತ್ತಿ ಬಂದ ಪಿಂಗಾಣಿ

ಈ ಬೆಟ್ಟಗಳ ನಡುವೆ ಇಷ್ಟೊಂದು ಪಿಂಗಾಣಿ ಎಲ್ಲಿಂದ ಬಂತು? 19ನೆಯ ಶತಮಾನದಲ್ಲಿ ಯುರೋಪಿನ ಪ್ಲಾಂಟರುಗಳು ಇಲ್ಲಿ ಮತ್ತು ನೆರೆಯ ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದರು. ಆರ್. ಎಚ್. ಎಲಿಯಟ್ ಎಂಬ ಪ್ಲಾಂಟರು ಮೈಸೂರಿನ ಕಾಡುಗಳಲ್ಲಿ ತೋಟ ಮಾಡಿದ ತನ್ನ ಅನುಭವವನ್ನು 1871ರಲ್ಲೇ ಪುಸ್ತಕವಾಗಿ ಪ್ರಕಟಿಸಿದ್ದ. ಅವರ ಬಂಗಲೆಗಳಿಗೆ ಊಟದ ತಟ್ಟೆ, ಚಹದ ಕಪ್ಪು ಸಾಸರುಗಳು ಸೀಮೆಯಿಂದ ಬಂದವು. ತೋಟಗಳು ಕೈಬದಲಾದಾಗ ಅವುಗಳಲ್ಲಿ ಕೆಲವು ಇಲ್ಲಿಯೇ ಉಳಿದವು. ಮಂಗಳೂರಿನ ಹೆಂಚು ಘಾಟಿ ಹತ್ತಿ ಬಂತು. ಮಿಡಿ ಉಪ್ಪಿನಕಾಯಿಗೆ ಬೇಕಾದ, ಮೇಲರ್ಧ ಕಂದು, ಕೆಳಗರ್ಧ ಬಿಳಿ ಬಣ್ಣದ ಭರಣಿಗಳು ಅಂಗಡಿಗಳಿಂದಲೂ ಜಾತ್ರೆಗಳಿಂದಲೂ ಮನೆ ಸೇರಿದವು. ಆದ್ದರಿಂದ ಈ ಸೀಮೆಯಲ್ಲಿ ಹಳೆಯ ಪಿಂಗಾಣಿ ಇರುವುದು ಆಶ್ಚರ್ಯವಲ್ಲ. ಅದು ಇರುವುದು ನಿಜವಾದ್ದರಿಂದಲೇ ಸುಳ್ಳು ಹೇಳುವವನಿಗೆ ಅನುಕೂಲ. ಅವನ ಕಥೆ ನಂಬುವಂತಿರುತ್ತದೆ.

ಪರೀಕ್ಷೆಗೆ ಮೊದಲು ಜಾತಿ ಗುರುತಿಸಬೇಕು. ಸುಟ್ಟ ಮಣ್ಣಿನ ಸಾಮಾನುಗಳನ್ನು ಮೂರು ಗುಂಪು ಮಾಡಬಹುದು. ಮೊದಲನೆಯದು ಸುಮಾರು 1000ದಿಂದ 1100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದದ್ದು. ಅದರ ಮೈ ನೀರು ಹೀರುತ್ತದೆ. ಹೆಂಚು, ಹಲವು ಚಿತ್ರದ ತಟ್ಟೆಗಳು ಈ ಗುಂಪಿನವು. ಎರಡನೆಯದು 1200 ಡಿಗ್ರಿಯ ಆಸುಪಾಸಿನಲ್ಲಿ ಬೆಂದು ಕಲ್ಲಿನಂತಾದದ್ದು. ನಮ್ಮ ಉಪ್ಪಿನಕಾಯಿ ಭರಣಿ ಈ ಜಾತಿಯದು. ಮೂರನೆಯದು ಅದಕ್ಕೂ ಹೆಚ್ಚಿನ ಶಾಖ ಕಂಡ ನಯವಾದ ಬಿಳಿ ಪಿಂಗಾಣಿ. ತೆಳುವಾದ ಪಿಂಗಾಣಿ ಕಪ್ಪನ್ನು ದೀಪಕ್ಕೆ ಅಡ್ಡ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ಈ ಮೂರೂ ಮುದಿಯಾಗುವ ಬಗೆ ಬೇರೆ ಬೇರೆ. ಒಂದಕ್ಕೆ ಸಹಜವಾದ ಮುಪ್ಪು ಇನ್ನೊಂದರ ಮೈಮೇಲೆ ಕಂಡರೆ ಅನುಮಾನಪಡಬೇಕು.

ಹೊಸ್ತಿಲು ಹೇಳುವ ಪಾಠ

ಎಲ್ಲ ಪರೀಕ್ಷೆಗೂ ತಳಹದಿಯಾದ ಸೂತ್ರ ಒಂದೇ. ಅದನ್ನು ಕಲಿಯಲು ಪಿಂಗಾಣಿಯೇ ಬೇಕಿಲ್ಲ. ಹಳೆಯ ಮನೆಯ ಹೊಸ್ತಿಲು ನೋಡಿದರೆ ಸಾಕು. ಅದು ಉದ್ದಕ್ಕೂ ಸಮನಾಗಿ ಸವೆದಿರುವುದಿಲ್ಲ. ಜನ ಕಾಲಿಡುವ ನಡುಭಾಗ ತಗ್ಗಾಗಿರುತ್ತದೆ, ಎರಡು ತುದಿಗಳು ಹಾಗೆಯೇ ಉಳಿದಿರುತ್ತವೆ. ಒರಳುಕಲ್ಲು ಗುಂಡು ತಿರುಗಿದಲ್ಲಿ ನುಣುಪಾಗಿದೆ, ಹೊರಮೈ ಒರಟಾಗಿಯೇ ಇದೆ. ಬಳಕೆಯ ವಸ್ತು ಎಲ್ಲಿ ಕೈ ತಾಗುತ್ತದೋ, ಎಲ್ಲಿ ನೆಲ ತಾಗುತ್ತದೋ ಅಲ್ಲಿ ಸವೆಯುತ್ತದೆ. ಪ್ರತಿಯೊಂದು ಸವೆತಕ್ಕೂ ಒಂದು ಕಾರಣವಿರುತ್ತದೆ.

ಕೃತಕವಾಗಿ ಹಳೆಯದು ಮಾಡುವವನಿಗೆ ಆ ಐವತ್ತು, ನೂರು ವರ್ಷಗಳ ಬಳಕೆ ಇಲ್ಲ. ಅವನ ಬಳಿ ಇರುವುದು ಒಂದು ಮಧ್ಯಾಹ್ನ, ಒಂದು ಉಪ್ಪುಕಾಗದ, ಒಂದು ಬಕೆಟ್ ಕಂದು ನೀರು. ಆದ್ದರಿಂದ ಅವನು ಕಣ್ಣಿಗೆ ಕಾಣುವ ಜಾಗವನ್ನು ಸವೆಸುತ್ತಾನೆ, ಅಥವಾ ಎಲ್ಲ ಜಾಗವನ್ನೂ ಒಂದೇ ಸಮನೆ ಸವೆಸುತ್ತಾನೆ. ವಸ್ತುವನ್ನು ಕೈಗೆತ್ತಿಕೊಂಡಾಗ "ಇದು ಹಳೆಯದೇ?" ಎಂದು ಕೇಳಿದರೆ ಉತ್ತರ ಸಿಕ್ಕುವುದಿಲ್ಲ. "ಈ ಗೀರು ಇಲ್ಲಿಯೇ ಏಕೆ ಬಿತ್ತು?" ಎಂದು ಕೇಳಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚು, ಸ್ವಲ್ಪ ಒದ್ದೆ ಹತ್ತಿ ಇದ್ದರೆ ಪರೀಕ್ಷೆ ಶುರುಮಾಡಬಹುದು.

ಮೊದಲು ಮಗುಚಿ ನೋಡಿ

ಎಲ್ಲರೂ ತಟ್ಟೆಯ ಮುಖ ನೋಡುತ್ತಾರೆ. ನೀವು ಬೆನ್ನು ನೋಡಿ. ತಳದಲ್ಲಿ ಬಳೆಯಂತೆ ಎದ್ದುನಿಂತ ಒಂದು ಅಂಚಿರುತ್ತದೆ. ತಟ್ಟೆ ಕೂರುವುದು ಆ ಬಳೆಯ ಮೇಲೆ. ವರ್ಷಗಟ್ಟಲೆ ಗೂಡಿನಿಂದ ಎಳೆದು, ಮತ್ತೆ ಇಟ್ಟು, ಮೇಜಿನ ಮೇಲೆ ಜರುಗಿಸಿದಾಗ ಆ ಬಳೆ ಮಾತ್ರ ನೆಲಕ್ಕೆ ಉಜ್ಜುತ್ತದೆ. ಅದರ ಮೇಲ್ತುದಿ ನುಣುಪಾಗಿ, ಬೆರಳಿಗೆ ಮೆತ್ತಗೆ ತಾಗಬೇಕು. ಬಳೆಯ ಪಕ್ಕದ ಮೂಲೆಗಳಲ್ಲಿ ಕೈ ತಲುಪುವುದಿಲ್ಲ, ನೆಲವೂ ತಾಗುವುದಿಲ್ಲ. ಕೊಳೆ ನಿಲ್ಲುವುದು ಅಲ್ಲಿ. ಅಂದರೆ ನಿಜವಾದ ಹಳೆಯ ತಟ್ಟೆಯಲ್ಲಿ ನೆಲ ತಾಗುವ ಅಂಚು ತಿಳಿಯಾಗಿರುತ್ತದೆ, ಮೂಲೆ ಮಸುಕಾಗಿರುತ್ತದೆ.

ಕಂದು ನೀರಿನಲ್ಲಿ ಮುಳುಗಿಸಿದ ತಟ್ಟೆಯಲ್ಲಿ ಇದು ತಲೆಕೆಳಗಾಗುತ್ತದೆ. ನೆಲ ತಾಗುವ ಅಂಚಿನ ಮೇಲೆ ಗ್ಲೇಜು, ಎಂದರೆ ಮೇಲಿನ ಗಾಜಿನ ಲೇಪ, ಸಾಮಾನ್ಯವಾಗಿ ಇರುವುದಿಲ್ಲ. ಬರಿಯ ಮಣ್ಣು ಬಣ್ಣವನ್ನು ಬೇಗ ಹೀರಿಕೊಳ್ಳುತ್ತದೆ. ಹಾಗಾಗಿ ತಿಳಿಯಾಗಿರಬೇಕಾದ ಅಂಚೇ ಎಲ್ಲಕ್ಕಿಂತ ಹೆಚ್ಚು ಕಂದಾಗಿ ಕೂತಿರುತ್ತದೆ. ಅಂಚು ಒರಟಾಗಿದ್ದು ಬಣ್ಣ ಮಾತ್ರ ಹಳೆಯದಾಗಿದ್ದರೆ ಆ ತಟ್ಟೆ ಹೆಚ್ಚು ಮೇಜುಗಳನ್ನು ಕಂಡಿಲ್ಲ ಎಂದರ್ಥ. ತಟ್ಟೆ ಕದಡದೆ ಗೋಡೆಯ ಮೇಲೆ ನೇತಾಡಿಕೊಂಡೇ ಇದ್ದಿರಬಾರದೇ ಎಂದು ನೀವು ಕೇಳಬಹುದು. ಇದ್ದಿರಬಹುದು. ಆದರೆ ಹಾಗಿದ್ದರೆ ಅದರ ಮುಖದ ಮೇಲೂ ಚಾಕುವಿನ ಗೀರು ಇರಕೂಡದು. ಸಾಕ್ಷಿಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು.

ಗೀರು, ಚಿನ್ನದ ಗೆರೆ, ಒಡಕು

ಈಗ ಮುಖಕ್ಕೆ ಬನ್ನಿ. ಊಟದ ತಟ್ಟೆಯ ನಡುವೆ ಚಾಕು, ಮುಳ್ಳುಚಮಚ, ಸೌಟು ಆಡಿದ ಗೀರುಗಳಿರುತ್ತವೆ. ಅವು ಒಂದೇ ದಿನ ಬಿದ್ದವಲ್ಲ. ಕೆಲವು ಉದ್ದ, ಕೆಲವು ಗಿಡ್ಡ. ದಿಕ್ಕು ಬೇರೆ ಬೇರೆ. ಕೆಲವು ಗೀರಿನೊಳಗೆ ಕಪ್ಪು ತುಂಬಿದೆ, ಕೆಲವು ಇನ್ನೂ ಬೆಳ್ಳಗಿವೆ. ಉಪ್ಪುಕಾಗದದ ಗೀರುಗಳು ಹಾಗಲ್ಲ. ಕೈ ಒಮ್ಮೆ ಎಳೆದರೆ ಹತ್ತಾರು ಗೆರೆಗಳು ಅಕ್ಕಪಕ್ಕದಲ್ಲೇ, ಒಂದೇ ದಿಕ್ಕಿಗೆ, ಒಂದೇ ಆಳಕ್ಕೆ ಬೀಳುತ್ತವೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಎರಡಕ್ಕೂ ಇರುವ ವ್ಯತ್ಯಾಸ ಹೈಸ್ಕೂಲಿನ ಮಕ್ಕಳಿಗೂ ತಿಳಿಯುತ್ತದೆ.

ಕಪ್ಪಿನ ಚಿನ್ನದ ಗೆರೆಯೂ ಒಳ್ಳೆಯ ಸಾಕ್ಷಿ. ತುಟಿ ತಾಗುವ ಅಂಚಿನಲ್ಲಿ, ಹೆಬ್ಬೆರಳು ಒತ್ತುವ ಹಿಡಿಯ ಮೇಲೆ ಚಿನ್ನ ಮೊದಲು ಹೋಗುತ್ತದೆ. ಹಿಡಿಯ ಸಂದಿಯಲ್ಲಿ ಉಳಿಯುತ್ತದೆ. ಅಂಚಿನ ಸುತ್ತ ತುಂಡು ತುಂಡಾಗಿ, ಒಂದೇ ಅಂತರ ಬಿಟ್ಟು ಚಿನ್ನ ಹೋಗಿದ್ದರೆ ಕುಡಿದವರು ಯಾರು ಎಂದು ಕೇಳಬೇಕಾಗುತ್ತದೆ. ಹೊಳಪು ಕಡಿಮೆ ಮಾಡಲು ಕೆಲವರು ಆಮ್ಲ ಹಚ್ಚುತ್ತಾರೆ. ಆಮ್ಲ ಸಂದಿಗೊಂದಿಗಳಿಗೂ ನುಗ್ಗಿ ಎಲ್ಲೆಡೆ ಒಂದೇ ತೆರನಾದ ಮಂಕು ಕವಿಸುತ್ತದೆ. ಯಾರ ಕೈಯೂ ತಲುಪದ ಹಿಡಿಯ ಒಳಮೂಲೆಯೂ ಮಂಕಾಗಿದ್ದರೆ ಅದು ಬಳಕೆಯ ಗುರುತಲ್ಲ.

ಅಂಚು ಒಡೆದಿದ್ದರೆ ಅದನ್ನೂ ಬಿಡಬೇಡಿ. ಹಿಂದೆ ಯಾವಾಗಲೋ ಒಡೆದ ಜಾಗ ತೊಳೆದು ತೊಳೆದು ಮೊಂಡಾಗಿರುತ್ತದೆ. ಇತ್ತೀಚಿನ ಒಡಕು ಬೆರಳಿಗೆ ಚುಚ್ಚುತ್ತದೆ. ಬಣ್ಣ ಹಚ್ಚಿ ಕಣ್ಣಿಗೆ ಮೋಸ ಮಾಡಬಹುದು, ಬೆರಳಿಗೆ ಮಾಡುವುದು ಅಷ್ಟು ಸುಲಭವಲ್ಲ.

ಬಿರುಕಿನ ಬಲೆ ಮತ್ತು ಕಾಫಿಯ ಬಣ್ಣ

ಹಳೆಯ ಪಿಂಗಾಣಿ ಎಂದೊಡನೆ ಜನ ಹುಡುಕುವುದು ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳನ್ನು. ಇದರ ಕಾರಣ ತಿಳಿದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದೂ ತಿಳಿಯುತ್ತದೆ. ಕಾಯಿಸಿದರೆ ವಸ್ತುಗಳು ಹಿಗ್ಗುತ್ತವೆ, ತಣಿದರೆ ಕುಗ್ಗುತ್ತವೆ ಎಂದು ಮಕ್ಕಳು ಓದಿದ್ದಾರಷ್ಟೆ. ಒಳಗಿನ ಮಣ್ಣು ಮತ್ತು ಮೇಲಿನ ಗ್ಲೇಜು ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಗ್ಲೇಜು ಹೆಚ್ಚು ಕುಗ್ಗಿದರೆ, ಬಿಗಿಯಾದ ಅಂಗಿ ಹರಿದಂತೆ, ಅದು ಬಿರಿಯುತ್ತದೆ. ಇದಲ್ಲದೆ ಕಡಿಮೆ ಶಾಖದಲ್ಲಿ ಬೆಂದ ಮಣ್ಣು ಗಾಳಿಯ ತೇವವನ್ನು ಹೀರಿ ವರ್ಷಗಳ ಮೇಲೆ ಬಲು ನಿಧಾನವಾಗಿ ಉಬ್ಬುತ್ತದೆ. ಗ್ಲೇಜು ಉಬ್ಬುವುದಿಲ್ಲ. ಆಗಲೂ ಬಿರುಕು ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮಲೆನಾಡಿನಲ್ಲಿ ತೇವಕ್ಕೆ ಬರವಿಲ್ಲ. ಆದ್ದರಿಂದ ಇಲ್ಲಿನ ಹಳೆಯ ತಟ್ಟೆಗಳಲ್ಲಿ ಬಿರುಕು ಸಹಜ.

ಆದರೆ ಬಿರುಕು ಬರಿಸುವುದೂ ಸುಲಭ. ಕುಲುಮೆಯಲ್ಲಿಯೇ ಬೇಕೆಂದು ಬಿರುಕಿನ ಗ್ಲೇಜು ಮಾಡುವ ಕಲೆಯನ್ನು ಚೀನಾದ ಕುಶಲಕರ್ಮಿಗಳು ಸೋಂಗ್ ವಂಶದ ಕಾಲದಲ್ಲೇ, ಎಂದರೆ 10ರಿಂದ 13ನೆಯ ಶತಮಾನದ ನಡುವೆಯೇ, ಸಾಧಿಸಿದ್ದರು. ಅವರು ಅದನ್ನು ಅಲಂಕಾರವೆಂದು ಮಾಡಿದರು. ಇಂದಿನ ಚತುರರು ಒಲೆಯಲ್ಲಿ ಕಾಯಿಸಿ ತಣ್ಣೀರಿಗೆ ಹಾಕುತ್ತಾರೆ. ಬಿರುಕಿಗೆ ಬಣ್ಣ ತುಂಬಲು ಚಹ, ಪೊಟ್ಯಾಸಿಯಮ್ ಪರ್ಮಾಂಗನೇಟ್, ಬೂಟಿನ ಪಾಲಿಶ್, ಕೊನೆಗೆ ನಮ್ಮ ಕಾಫಿಯ ಗಟ್ಟಿ ಡಿಕಾಕ್ಷನ್ ಕೂಡ ಕೆಲಸಕ್ಕೆ ಬರುತ್ತದೆ. ಕಾಫಿ ಬೆಳೆಯುವ ನಾಡಿನವರಿಗೇ ಕಾಫಿ ಕಲೆಯನ್ನು ನೂರು ವರ್ಷದ ಕಲೆಯೆಂದು ಮಾರುವವರಿದ್ದರೆ ಅವರ ಧೈರ್ಯ ಮೆಚ್ಚಬೇಕು.

ಹಾಗಾದರೆ ತಿಳಿಯುವುದು ಹೇಗೆ? ಬಿರುಕು ಇದೆಯೇ ಎಂಬುದನ್ನಲ್ಲ, ಅದರ ಬಣ್ಣ ಎಲ್ಲೆಲ್ಲಿ ಹೇಗಿದೆ ಎಂಬುದನ್ನು ನೋಡಬೇಕು. ಬಳಕೆಯ ತಟ್ಟೆಯಲ್ಲಿ ಸಾರು, ಎಣ್ಣೆ ನಿಂತ ತಗ್ಗಿನಲ್ಲಿ ಕಲೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಒಂದು ಬಿರುಕು ಕಪ್ಪು, ಪಕ್ಕದ್ದು ತೆಳು ಹಳದಿ, ಮತ್ತೊಂದಕ್ಕೆ ಬಣ್ಣವೇ ಇಲ್ಲ. ಬಿರುಕುಗಳು ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದವು. ಮುಳುಗಿಸಿ ತೆಗೆದ ತಟ್ಟೆಯಲ್ಲಿ ಮುಖ, ಬೆನ್ನು, ಅಂಚು, ತಳ ಎಲ್ಲ ಕಡೆ ಒಂದೇ ಕಂದು. ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿ ನೋಡಿ. ಹತ್ತಿಗೆ ಬಣ್ಣ ಧಾರಾಳವಾಗಿ ಹತ್ತಿದರೆ, ಪಾಲಿಶ್‌ನ ಅಥವಾ ಕಾಫಿಯ ವಾಸನೆ ಬಂದರೆ, ಆ ಕಲೆ ಇನ್ನೂ ಹೊಸದು. ಬೆಳಕು ಹಾಯುವ ತೆಳು ಪಿಂಗಾಣಿ ಕಪ್ಪಿನ ಮೈ ನೀರನ್ನೇ ಹೀರುವುದಿಲ್ಲ. ಅದರೊಳಗೆ ಕಂದು ಕಲೆ ಅಗಲವಾಗಿ ಹರಡಿದಂತೆ ಕಂಡರೆ ಮತ್ತೊಮ್ಮೆ ಯೋಚಿಸಬೇಕು.

ಭರಣಿಯ ವಿಷಯದಲ್ಲಿ ಬಿರುಕಿಗಿಂತ ಬಾಯಿ ಮತ್ತು ತಳ ಮುಖ್ಯ. ಕಲ್ಲು ನೆಲದ ಮೇಲೆ ತಿರುಗಿಸಿ ಜರುಗಿಸಿದ ತಳ ನುಣ್ಣಗಾಗಿರುತ್ತದೆ. ಸೌಟು ತಾಗಿದ ಬಾಯಿಯ ಒಳ ಅಂಚಿನಲ್ಲಿ ಸಣ್ಣ ಸಣ್ಣ ಒಡಕುಗಳಿರುತ್ತವೆ. ಬಟ್ಟೆ ಮುಚ್ಚಿ ದಾರ ಕಟ್ಟಿದ ಕತ್ತಿನ ಸುತ್ತ ಎಣ್ಣೆ ಮತ್ತು ದೂಳು ಸೇರಿ ಜಿಡ್ಡಾಗಿರುತ್ತದೆ. ಹೊಟ್ಟೆಯ ಮೇಲೆ ಮಾತ್ರ ಚೆಂದವಾಗಿ ಸವೆದು, ತಳ ಹೊಚ್ಚ ಹೊಸದಾಗಿರುವ ಭರಣಿ ಉಪ್ಪಿನಕಾಯಿಯನ್ನು ಕಂಡಿರಲಾರದು.

ತಳದ ಮುದ್ರೆ: ಓದಿ, ಆದರೆ ಪೂರ್ತಿ ನಂಬಬೇಡಿ

ತಟ್ಟೆಯ ತಳದಲ್ಲಿ ಮುದ್ರೆ ಇದ್ದರೆ ಅರ್ಧ ಕೆಲಸ ಮುಗಿಯಿತು ಎಂದು ಹಲವರು ಭಾವಿಸುತ್ತಾರೆ. ಮುದ್ರೆ ನಿಜಕ್ಕೂ ಉಪಯುಕ್ತ. ಅಮೆರಿಕದ 1890ರ ಸುಂಕದ ಕಾನೂನಿನ ಪ್ರಕಾರ 1891ರಿಂದ ಅಲ್ಲಿಗೆ ಹೋಗುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರಿರಬೇಕಾಯಿತು. ಆದ್ದರಿಂದ "ಇಂಗ್ಲೆಂಡ್" ಎಂಬ ಪದವಿರುವ ತಟ್ಟೆ ಸಾಮಾನ್ಯವಾಗಿ ಆ ಕಾಲದ ಅಥವಾ ಅದರ ನಂತರದ್ದು. "ಮೇಡ್ ಇನ್ ಇಂಗ್ಲೆಂಡ್" ಎಂದಿದ್ದರೆ ಬಹುಮಟ್ಟಿಗೆ 20ನೆಯ ಶತಮಾನದ್ದು. ಜಪಾನಿನ ಸಾಮಾನುಗಳಲ್ಲಿ "ನಿಪ್ಪಾನ್" ಎಂಬುದು 1921ರವರೆಗೆ, ಅನಂತರ "ಜಪಾನ್". ಬ್ರಿಟನ್ನಿನ ವಜ್ರಾಕಾರದ ನೋಂದಣಿ ಚಿಹ್ನೆ 1842ರಿಂದ 1883ರವರೆಗಿನದು. ಆದರೆ ಅದು ವಿನ್ಯಾಸ ನೋಂದಾಯಿಸಿದ ಕಾಲವನ್ನು ಹೇಳುತ್ತದೆಯೇ ಹೊರತು ನಿಮ್ಮ ಕೈಯ ತಟ್ಟೆ ಸುಟ್ಟ ದಿನವನ್ನಲ್ಲ.

ಮುದ್ರೆಯಲ್ಲಿ ಇಸವಿಯೇ ಇದ್ದರೆ? ಆಗ ಇನ್ನೂ ಹೆಚ್ಚು ಎಚ್ಚರ ಬೇಕು. ವೆಡ್ಜ್‌ವುಡ್ ಸಂಸ್ಥೆಯ ಈಚಿನ ತಟ್ಟೆಗಳ ಮೇಲೂ 1759 ಎಂದಿರುತ್ತದೆ. ಅದು ಸಂಸ್ಥೆ ಹುಟ್ಟಿದ ವರ್ಷ. ದೂರದ ಉದಾಹರಣೆಯೇ ಬೇಡ, ತಲೆಯ ಮೇಲಿನ ಹೆಂಚನ್ನೇ ನೋಡಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆ ಇಸವಿಯನ್ನು ಅಚ್ಚೊತ್ತಿದ ಹೆಂಚುಗಳು ಹಳೆಯ ಮನೆಗಳಲ್ಲಿ ಸಿಗುತ್ತವೆ. 1868 ಎಂದು ಅಚ್ಚಾದ ಆಲ್ಬುಕರ್ಕ್ ಹೆಂಚುಗಳೂ ಇವೆ. "ನಮ್ಮ ಮನೆ 1865ರದ್ದು, ಹೆಂಚಿನ ಮೇಲೇ ಬರೆದಿದೆ" ಎನ್ನುವವರುಂಟು. ಕಾರ್ಖಾನೆಯ ಜನ್ಮವರ್ಷವನ್ನು ಹೆಂಚಿನ ಜನ್ಮವರ್ಷವೆಂದು ಓದಿದ್ದರ ಫಲ ಅದು. ಆ ಹೆಂಚು 1865ಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಅದರಿಂದ ಖಚಿತ.

ನಮ್ಮ ಚರಿತ್ರೆಯ ತಿಳಿವಳಿಕೆಯೂ ಇಲ್ಲಿ ಭೂತಗನ್ನಡಿಯಷ್ಟೇ ಉಪಯೋಗಿ. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅಂಚೆಯ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಇಂಗ್ಲಿಷಿನಲ್ಲಿ ಚಿಕ್ಕಮಗಳೂರು ಎಂಬ ಕಾಗುಣಿತ ಅಧಿಕೃತವಾದದ್ದು 2014ರಲ್ಲಿ. "ಸ್ವಾತಂತ್ರ್ಯಕ್ಕೆ ಮೊದಲಿನದು" ಎಂದು ತೋರಿಸಿದ ಜಾಡಿಯ ತಳದಲ್ಲಿ ಕರ್ನಾಟಕ ಎಂದೋ, ಆರಂಕಿಯ ಪಿನ್‌ಕೋಡೋ ಇದ್ದರೆ ವಾದ ಮಾಡುವ ಅಗತ್ಯವೇ ಇಲ್ಲ. ನಗುತ್ತಾ ಕೆಳಗಿಟ್ಟು ಬರಬಹುದು.

ಚಿತ್ರವನ್ನೂ ಭೂತಗನ್ನಡಿಯಲ್ಲಿ ನೋಡಿ. 19ನೆಯ ಶತಮಾನದ ನೀಲಿ ಚಿತ್ರದ ತಟ್ಟೆಗಳಿಗೆ ತಾಮ್ರದ ಫಲಕದಲ್ಲಿ ಕೊರೆದ ಚಿತ್ರವನ್ನು ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಕತ್ತರಿಸಿ ತಟ್ಟೆಗೆ ಅಂಟಿಸುತ್ತಿದ್ದರು. ಕೊರೆದ ಗೆರೆ, ಚುಕ್ಕಿಗಳು ಕಾಣುತ್ತವೆ. ಅಂಚಿನ ಹೂಬಳ್ಳಿ ಸೇರುವಲ್ಲಿ ಕೆಲವೊಮ್ಮೆ ಸರಿಯಾಗಿ ಕೂಡದೆ ಅಡ್ಡಾದಿಡ್ಡಿಯಾಗಿರುತ್ತದೆ. ಪತ್ರಿಕೆಯ ಫೋಟೋದಲ್ಲಿ ಕಾಣುವಂಥ ಸಾಲು ಸಾಲು ಬಣ್ಣದ ಚುಕ್ಕಿಗಳು ಕಂಡರೆ ಅದು ಈಚಿನ ಮುದ್ರಣ.

ದೊಡ್ಡವರೂ ಏಮಾರಿದ್ದಾರೆ

ಕಣ್ಣಿನ ಪರೀಕ್ಷೆಗೆ ಮಿತಿಯಿದೆ. ಟರ್ಕಿಯ ಹಾಸಿಲಾರ್ ಎಂಬಲ್ಲಿ ಜೇಮ್ಸ್ ಮೆಲಾರ್ಟ್ ಎಂಬ ಪುರಾತತ್ತ್ವಜ್ಞರು 1957ರಿಂದ 1960ರವರೆಗೆ ಉತ್ಖನನ ಮಾಡಿದರು. ಅಲ್ಲಿ ಏಳು ಸಾವಿರ ವರ್ಷಕ್ಕೂ ಹಿಂದಿನ ಬಣ್ಣದ ಮಡಕೆಗಳು ಸಿಕ್ಕವು. ಸ್ವಲ್ಪ ಸಮಯದಲ್ಲೇ ಅದೇ ಬಗೆಯ ಮಡಕೆ, ಬೊಂಬೆಗಳು ಮಾರುಕಟ್ಟೆಗೆ ಬಂದವು. ಹೆಸರಾಂತ ವಸ್ತುಸಂಗ್ರಹಾಲಯಗಳೂ ಕೊಂಡವು. 1971ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಅಂಥ 66 ವಸ್ತುಗಳನ್ನು ಪರೀಕ್ಷಿಸಿದಾಗ 48 ಈಚೆಗೆ ತಯಾರಾದವು ಎಂದು ಬಯಲಾಯಿತು.

ಅವರು ಬಳಸಿದ ವಿಧಾನಕ್ಕೆ ಥರ್ಮೋಲ್ಯುಮಿನೆಸೆನ್ಸ್ ಎಂದು ಹೆಸರು. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಕೂಡಿಟ್ಟುಕೊಳ್ಳುತ್ತವೆ. ಕುಲುಮೆಯಲ್ಲಿ ಸುಟ್ಟಾಗ ಆ ಲೆಕ್ಕ ಸೊನ್ನೆಯಾಗುತ್ತದೆ. ಅಂದಿನಿಂದ ಮತ್ತೆ ಕೂಡಿಕೆ ಶುರು. ಪ್ರಯೋಗಾಲಯದಲ್ಲಿ ಪುಡಿಯನ್ನು ಕಾಯಿಸಿದರೆ ಕೂಡಿಟ್ಟ ಶಕ್ತಿ ಬೆಳಕಾಗಿ ಹೊರಬರುತ್ತದೆ. ಬೆಳಕು ಹೆಚ್ಚಿದ್ದರೆ ವಯಸ್ಸು ಹೆಚ್ಚು. ನಮ್ಮ ದೇಶದಲ್ಲಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ ಈ ಬಗೆಯ ಕಾಲನಿರ್ಣಯಕ್ಕೆ ಹೆಸರಾಗಿದೆ. ಆದರೆ ಇದಕ್ಕೆ ವಸ್ತುವನ್ನು ಕೊರೆದು ಪುಡಿ ತೆಗೆಯಬೇಕು. ಅಜ್ಜನ ಕಾಲದ ಚಹದ ಕಪ್ಪಿಗೆ ಮಾಡಿಸುವ ಪರೀಕ್ಷೆ ಇದಲ್ಲ.

ಪುರಾತತ್ತ್ವಜ್ಞರು ಯಂತ್ರಕ್ಕಿಂತ ಮೊದಲು ನಂಬುವುದು ವಸ್ತು ಸಿಕ್ಕ ಜಾಗವನ್ನು. 1947ರಲ್ಲಿ ಮಾರ್ಟಿಮರ್ ವೀಲರ್ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ ಉರುಳೆಯಿಂದ ಗುರುತು ಒತ್ತಿದ ಒಂದು ಬಗೆಯ ಮಡಕೆಯ ಚೂರುಗಳು ಸಿಕ್ಕವು. ಅದೇ ಬಗೆಯ ಚೂರುಗಳು ಎರಡು ವರ್ಷ ಮೊದಲು ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, ಕಾಲ ತಿಳಿದಿದ್ದ ರೋಮನ್ ಪಾತ್ರೆಗಳ ಜತೆ ಸಿಕ್ಕಿದ್ದವು. ಅದರ ಆಧಾರದ ಮೇಲೆ ಬ್ರಹ್ಮಗಿರಿಯ ಆ ಪದರಕ್ಕೂ ಕಾಲ ಹೇಳಲು ಸಾಧ್ಯವಾಯಿತು. ಅನಂತರದ ಸಂಶೋಧನೆಗಳಿಂದ ಅಲ್ಲಿನ ಕೆಲವು ಕಾಲಗಣನೆ ಇನ್ನೂ ಹಿಂದಕ್ಕೆ ಸರಿದಿದೆ. ಆದರೆ ಕ್ರಮ ಅದೇ: ಚೂರು ಒಂಟಿಯಾಗಿದ್ದರೆ ಮೂಕ, ಜತೆಯವರ ನಡುವೆ ಇದ್ದರೆ ಮಾತನಾಡುತ್ತದೆ.

ಮನೆಯ ಭರಣಿಗೂ ಈ ಮಾತು ಸಲ್ಲುತ್ತದೆ. "ಅಜ್ಜೀ, ಇದು ಎಷ್ಟು ವರ್ಷದ್ದು?" ಎಂದರೆ "ನಾನು ಮದುವೆಯಾಗಿ ಬಂದಾಗಲೇ ಇತ್ತು ಮಗಾ" ಎಂಬ ಉತ್ತರ ಬರುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ. ಅಜ್ಜಿಯ ಮದುವೆಯ ವರ್ಷ ಗೊತ್ತಾದರೆ ಭರಣಿ ಅದಕ್ಕಿಂತ ಈಚಿನದಲ್ಲ ಎಂದಾಯಿತು. ಈ ಸಾಕ್ಷಿಯನ್ನು ಡಿಕಾಕ್ಷನ್‌ನಲ್ಲಿ ಮುಳುಗಿಸಿ ತಯಾರಿಸಲಾಗದು. ಆದರೆ ಬರೆದಿಡದಿದ್ದರೆ ಅದು ಅಜ್ಜಿಯ ಜತೆಗೇ ಹೋಗುತ್ತದೆ.

ಹಿರಿಯರಿಗೆ ಎರಡು ಮಾತು

ಮೊದಲನೆಯದು ಕಾನೂನಿನದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕುಸುರಿಯ ವಸ್ತು ಪುರಾವಸ್ತು. ಅಂಥವನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಆದ್ದರಿಂದ "ನೂರು ವರ್ಷದ್ದು" ಎನ್ನುವ ವ್ಯಾಪಾರಿಯನ್ನು "ಪರವಾನಗಿ ತೋರಿಸಿ, ರಸೀದಿಯಲ್ಲಿ ವಯಸ್ಸು ಬರೆದುಕೊಡಿ" ಎಂದು ಕೇಳಿ. ಕೆಲವು ವಸ್ತುಗಳ ವಯಸ್ಸು ಆ ಕ್ಷಣದಲ್ಲೇ ಇಳಿದುಹೋಗುತ್ತದೆ.

ಎರಡನೆಯದು ಆರೋಗ್ಯದ್ದು. ಹಳೆಯ ಕೆಲವು ಗ್ಲೇಜುಗಳಲ್ಲಿ, ಮೇಲೆ ಬರೆದ ಬಣ್ಣಗಳಲ್ಲಿ ಸೀಸ ಇರುತ್ತದೆ. ಅಗ್ಗದ ಅಲಂಕಾರದ ಸಾಮಾನುಗಳಲ್ಲೂ ಇರಬಹುದು. ಹುಳಿ ಪದಾರ್ಥ ಅದರಲ್ಲಿ ನಿಂತರೆ ಸೀಸ ಕರಗಿ ಆಹಾರಕ್ಕೆ ಸೇರುತ್ತದೆ. ಆಮ್ಲ ಹಚ್ಚಿ, ಉಜ್ಜಿ ಗ್ಲೇಜನ್ನು ಹಾಳುಮಾಡಿದ್ದರೆ ಅಪಾಯ ಇನ್ನೂ ಹೆಚ್ಚು. ಸೀಸ ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಬೆಳೆಯುವ ಮಕ್ಕಳ ಮಿದುಳನ್ನು. ಹಳೆಯದರಂತೆ ಕಾಣಲೆಂದು ಕೊಂಡ ಜಾಡಿಯಲ್ಲಿ ಉಪ್ಪಿನಕಾಯಿ, ನಿಂಬೆಹುಳಿ, ಮಜ್ಜಿಗೆ ಹಾಕಬೇಡಿ. ಅದು ಗೂಡಿನ ಮೇಲೆ ಚೆಂದವಾಗಿ ಕೂತಿರಲಿ.

ಹಾಗೆಂದು ಹಳೆಯದರಂತೆ ಮಾಡುವ ಕೆಲಸವೇ ಪಾಪವೆಂದು ತಿಳಿಯಬೇಕಿಲ್ಲ. "ಇದು ಹೊಸದು, ಹಳೆಯ ರೂಪ ಕೊಟ್ಟಿದ್ದೇವೆ" ಎಂದು ಹೇಳಿ ಮಾರಿದರೆ ಅದೂ ಒಂದು ಕಸಬು. ಮೆಚ್ಚಿ ಕೊಳ್ಳುವವರು ಕೊಳ್ಳಲಿ. ಮೋಸ ಇರುವುದು ಕಲೆಯಲ್ಲಲ್ಲ, ಅದರ ಜತೆ ಹೇಳುವ ಸುಳ್ಳಿನಲ್ಲಿ.

ರಜೆಯ ಕೆಲಸ

ವಿದ್ಯಾರ್ಥಿಗಳಿಗೆ ಈ ವಾರ ಒಂದು ಪ್ರಯೋಗ. ಮನೆಯಲ್ಲಿ ಒಡೆದುಹೋದ ಹೊಸ ಕಪ್ಪಿನ ಎರಡು ಚೂರು ಇದ್ದರೆ ದೊಡ್ಡವರ ಸಹಾಯದಿಂದ ತೆಗೆದುಕೊಳ್ಳಿ. ತಳದ ಭಾಗವೇ ಇದ್ದರೆ ಒಳ್ಳೆಯದು. ಒಂದು ಚೂರನ್ನು ಗಟ್ಟಿ ಡಿಕಾಕ್ಷನ್‌ನಲ್ಲಿ ಮೂರು ದಿನ ಇಡಿ. ಇನ್ನೊಂದನ್ನು ಹಾಗೆಯೇ ಬಿಡಿ. ಆಮ್ಲದ ತಂಟೆಗೆ ಹೋಗಬೇಡಿ. ಬಳಿಕ ಬಣ್ಣ ಎಲ್ಲಿ ಹಿಡಿಯಿತು, ಎಲ್ಲಿ ಹಿಡಿಯಲಿಲ್ಲ ಎಂದು ನೋಡಿ. ಆಮೇಲೆ ಮನೆಯ ಅತಿ ಹಳೆಯ ತಟ್ಟೆ ಅಥವಾ ಭರಣಿಯನ್ನು ಅಮ್ಮನ ಅನುಮತಿ ಪಡೆದು ಎರಡು ಕೈಯಲ್ಲಿ ಹಿಡಿದು ಮಗುಚಿ ನೋಡಿ. ಮೂರಕ್ಕೂ ಏನು ವ್ಯತ್ಯಾಸ?

ಒಂದು ನೋಟ್‌ಬುಕ್ಕಿನಲ್ಲಿ ಆ ವಸ್ತುವಿಗೆ ಒಂದು ಪುಟ ಕೊಡಿ. ಎತ್ತರ, ಬಣ್ಣ, ತಳದ ಮುದ್ರೆಯ ನಕಲು, ಸವೆತ ಎಲ್ಲಿದೆ ಎಂಬ ಚಿತ್ರ ಬರೆಯಿರಿ. ಯಾರು ತಂದರು, ಎಲ್ಲಿಂದ, ಯಾವಾಗ ಎಂದು ಹಿರಿಯರನ್ನು ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ಕೇಳಿದ ದಿನಾಂಕವನ್ನೂ ಹಾಕಿ. ಸೋಪುಪುಡಿ ಹಾಕಿ ತಿಕ್ಕಿ ತೊಳೆಯುವ ಉತ್ಸಾಹ ಬೇಡ. ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮುಂದೆ ಯಾರಾದರೂ ಬಾಗಿಲಿಗೆ ಬಂದು "ಇದಕ್ಕೇನು ಬೆಲೆ ಬರುತ್ತದಮ್ಮಾ" ಎಂದಾಗ ಆ ಪುಟ ತೆರೆದು ತೋರಿಸಬಹುದು. ಬೆಲೆ ಎಷ್ಟು ಎಂಬುದು ಆಮೇಲಿನ ಮಾತು. ಕೊಡುವುದೋ ಬಿಡುವುದೋ ಎಂದು ಮನೆಯವರು ತಿಳಿದು ನಿರ್ಧರಿಸುವಂತಾಗುತ್ತದೆ.